ಹದಿನೇಳನೇ ನಂಬರಿನ ಮೂಳೆ

ಕಳೆದ ವಾರ ಡೊಂಬಿವಲಿಯ ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ. ಅವರು ಕೊಟ್ಟ ಹೊತ್ತು ಹತ್ತು ಗಂಟೆ, ಕೆಲಸ ಶುರುವಾದದ್ದು ಹತ್ತೂ ಇಪ್ಪತ್ತೆರಡಕ್ಕೆ. ಯಂತ್ರ ಹಲ್ಲಿಗೆ ತಾಗಿದ ಕೂಡಲೇ ಒಂದು ವಾಸನೆ ಎದ್ದಿತು. ಸುಟ್ಟ ಕೂದಲಿನ ವಾಸನೆಗೆ ಹತ್ತಿರ, ಜೊತೆಗೆ ಒದ್ದೆ ಸುಣ್ಣದ ಪುಡಿ ಬೆರೆತಂಥದ್ದು. ನಾನು ಬೆಚ್ಚಿದ್ದನ್ನು ಕಂಡು ಡಾಕ್ಟರು ಕೈ ನಿಲ್ಲಿಸಿ, "ದುಖಾ ಕ್ಯಾ ಅಂಕಲ್?" ಎಂದರು. ಇಲ್ಲವೆಂದು ಕೈಯಾಡಿಸಿದೆ. ನೋವೇನೂ ಆಗಿರಲಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಮಳೆಗಾಲ ಪೂರ್ತಿ ನಾನು ಈ ವಾಸನೆಯ ನಡುವೆ ಮೂಗಿಗೆ ಕರವಸ್ತ್ರ ಹಿಡಿದು ಕೂತಿದ್ದೆ.

ನಾನು ಉಡುಪಿಯ ಒಂದು ವಿದ್ಯಾರ್ಥಿ ನಿಲಯದಲ್ಲಿ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವನು. ಆಮೇಲೆ ಮೂವತ್ತನಾಲ್ಕು ವರ್ಷ ತುರ್ಭೆಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದೆ. ಹೊರಗೆ ಹೋಗುವ ಪ್ರತಿ ಸಾಮಾನಿಗೆ ಚೀಟಿ, ಹಿಂದೆ ಬಂದ ಪ್ರತಿ ಸಾಮಾನಿಗೆ ಅಳತೆ. ಮನುಷ್ಯರ ಮಾತನ್ನು ನಂಬದೆ ಅಳತೆಯನ್ನು ನಂಬುವುದೇ ಅಲ್ಲಿಯ ಕೆಲಸ. ನಿವೃತ್ತನಾದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಹಾಲಿನವನ ಅಳತೆಯಿಂದ ಹಿಡಿದು ಸೊಸೈಟಿಯ ನೀರಿನ ಟಾಂಕಿಯ ಮಟ್ಟದವರೆಗೆ ಎಲ್ಲವನ್ನೂ ನಾನು ನೋಡುತ್ತಿದ್ದೆ. "ಸಂಶಯ ಬಿಟ್ಟರೆ ನಿಮಗೆ ಬೇರೆ ಎಂತ ಉಂಟು ಮಾರಾಯ್ರೆ? ನಾನು ಹಾಕಿದ ಉಪ್ಪನ್ನೂ ಒಂದು ದಿನ ಅಳೆಯುವಿರಿ" ಎಂದು ನನ್ನ ಹೆಂಡತಿ ವಾರಿಜ ಹೇಳುವುದಿತ್ತು.

ನಮ್ಮ ಕನ್ನಡ ಸಂಘದ ವಾಚನಾಲಯದ ಪುಸ್ತಕಗಳಿಗೆ ನಾನು ನಂಬರು ಹಾಕಿ ಸಾಲಾಗಿ ಇಟ್ಟದ್ದನ್ನು ದೇಶಪಾಂಡೆ ಮೇಡಂ ನೋಡಿದ್ದರು. ಅವರು ಧಾರವಾಡದವರು, ಠಾಣೆಯ ಒಂದು ಕಾಲೇಜಿನಲ್ಲಿ ಪುರಾತತ್ವ ಕಲಿಸುತ್ತಿದ್ದರು. ಅವರ ಗುರುಗಳು ಆಂಧ್ರದ ಕಡೆಯ ಸುಣ್ಣಕಲ್ಲಿನ ಗುಹೆಯೊಂದರಲ್ಲಿ ಅಗೆದು ತೆಗೆದ ಮೂಳೆಗಳ ಒಂದು ಕೋಣೆ ಆ ಕಾಲೇಜಿನಲ್ಲಿತ್ತು. ಕೆಲಸಕ್ಕೆ ತಕ್ಕಂತೆ ಚೂಪು ಮಾಡಿ, ಉಜ್ಜಿ, ನಯ ಮಾಡಿದ ಮೂಳೆಗಳು. ಲೋಹ ಗೊತ್ತಿಲ್ಲದ ಕಾಲದ ಜನರ ದಬ್ಬಣ, ಮೊನೆ, ಕೆರೆಯುವ ಪಟ್ಟಿ, ಒಟ್ಟು ನಲವತ್ತೊಂದು. ದಾಖಲೆ ಸರಿಯಿರಲಿಲ್ಲ. ಒಂದು ಮಳೆಗಾಲ ಬಂದು ವ್ಯವಸ್ಥೆ ಮಾಡಿಕೊಡಿ ಎಂದು ಕೇಳಿದರು. ಜೂನ್ ಮೊದಲ ಸೋಮವಾರ ಎಂಟೂ ಹನ್ನೊಂದರ ಸ್ಲೋ ಲೋಕಲ್ ರೈಲು ಹಿಡಿದೆ.

ಕೋಣೆ ಕಾಲೇಜಿನ ಹಿಂಬದಿಯಲ್ಲಿ, ನೆಲಮಹಡಿಯಲ್ಲಿತ್ತು. ಅದರ ಹಿಂದಿನ ಜಗಲಿಯಲ್ಲಿ ಒಲೆ. ಮಟನ್ ಅಂಗಡಿಯಿಂದ ತಂದ ಆಡಿನ ಕಾಲುಮೂಳೆಗಳನ್ನು ಅಲ್ಲಿ ಬೇಯಿಸಿ, ತೊಳೆದು, ಒಣಗಿಸಿ, ಕಲ್ಲಿನ ಮೇಲೆ ಉಜ್ಜಿ ಹಳೆಯ ಉಪಕರಣಗಳ ನಕಲು ಮಾಡುತ್ತಿದ್ದರು. ಆ ನಕಲಿನಿಂದ ಚರ್ಮ ಚುಚ್ಚಿ, ಮಣ್ಣು ಕೆದಕಿ, ಅದು ಸವೆಯುವ ರೀತಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹಳೆಯದರೊಡನೆ ಹೋಲಿಸುವುದು ಕ್ರಮ. ವಾಸನೆ ಬರುತ್ತಿದ್ದುದು ಆ ಉಜ್ಜುವ ಕಲ್ಲಿನಿಂದ. ಮಳೆ ಶುರುವಾದ ಮೇಲೆ ಅದು ಹೊರಗೆ ಹೋಗದೆ ಕೋಣೆಯೊಳಗೇ ಕೂತಿತು.

"ನೋಡ್ರಿ ರಾಯರ," ಎಂದು ಮೇಡಂ ಮೊದಲ ದಿನ ವಿವರಿಸಿದರು. "ಕಲ್ಲು ಹೊಡದ್ರ ಒಡೀತದ, ಅಂಚು ಬರ್ತದ. ಎಲುಬು ಹಂಗಲ್ಲ. ಕೆರೀಬೇಕು, ತಿಕ್ಕಬೇಕು, ದಿನಗಟ್ಲೆ ಕೂಡಬೇಕು. ಏನ್ ಮಾಡೋದದ ಅನ್ನೋದು ಮೊದಲ ತಲಿಯೊಳಗ ಇರಬೇಕು. ಇದು ನಾಳಿನ ವಿಚಾರ ಇದ್ದವರ ಕೆಲಸ. ಮನುಷ್ಯ ಯಾವಾಗ ನಮ್ಮಂಥಾ ಮನುಷ್ಯ ಆದ ಅಂತ ಹುಡುಕ್ಲಿಕ್ಕೆ ಇಂಥಾವು ಬೇಕು."

"ಮನುಷ್ಯರೇ ಮಾಡಿದ್ದು ಅಂತ ಹೇಗೆ ಹೇಳ್ತೀರಿ ಮೇಡಂ?"

"ಅದ ಅಲ್ಲೇನ್ರಿ ಜಗಳ? ಕತ್ತೆಕಿರುಬ ಕಡದ್ರೂ ಹಿಂಗ ಚೂಪ ಆಗ್ತದ. ಮುಳ್ಳುಹಂದಿ ಕೆರದ್ರೂ ಗೆರಿ ಬೀಳ್ತಾವ. ಗಣಪತಿ ಹಬ್ಬ ಮುಗದ ಮ್ಯಾಲ ಹೊರಗಿನ ತಜ್ಞರು ಬರ್ತಾರ. ಒಂದೊಂದನ್ನೂ ಸಂಶಯದಿಂದ ನೋಡ್ತಾರ."

ಸಂಶಯದಿಂದ ನೋಡುವವರು ಬರುತ್ತಾರೆ ಎಂದ ಕೂಡಲೇ ನನಗೆ ಆ ಕಸುಬಿನ ಮೇಲೆ ಗೌರವ ಬಂತು.

ತೊಂದರೆ ಬೇರೆಯೇ ಇತ್ತು. ನಾನು ಮೂಳೆ ಮುಟ್ಟುವವನಲ್ಲ. ಮನೆಯಲ್ಲಿ ಎಂದೂ ಇಲ್ಲ, ಹೊರಗೂ ಇಲ್ಲ. ಮೊದಲ ದಿನವೇ ಮನೆಯಿಂದ ಹಪ್ಪಳ ಸುಡುವ ಹಳೆಯ ಇಕ್ಕಳವೊಂದನ್ನು ಕೊಂಡುಹೋಗಿದ್ದೆ. ಪ್ರತಿ ಮೂಳೆಯ ಮೇಲೂ, ಕೆಲಸದ ಗುರುತಿಲ್ಲದ ಜಾಗ ನೋಡಿ, ಸಣ್ಣ ಅಕ್ಷರದಲ್ಲಿ ಶಾಯಿಯಿಂದ ನಂಬರು ಬರೆಯಬೇಕೆಂದು ಮೇಡಂ ಹೇಳಿದರು. ಬರೆಯಬೇಕಾದರೆ ಎಡಗೈಯಲ್ಲಿ ಗಟ್ಟಿಯಾಗಿ ಹಿಡಿಯಬೇಕು.

"ಶಾಯಿ ಹಾಕಿದರೆ ಸಾಮಾನು ಹಾಳಾಗ್ತದೆ ಮೇಡಂ. ಟೂಲ್ ರೂಮಿನಲ್ಲಿ ನಾವು ಚೀಟಿಯನ್ನೇ ಕಟ್ಟುತ್ತಿದ್ದದ್ದು. ಮೂವತ್ತನಾಲ್ಕು ವರ್ಷದಲ್ಲಿ ಒಂದೂ ತಪ್ಪಲಿಲ್ಲ," ಎಂದೆ. ಅವರು ಪಾಠಕ್ಕೆ ಹೋಗುವ ಗಡಿಬಿಡಿಯಲ್ಲಿದ್ದರು. ಹೂಂ ಎಂದರು. ನಾನು ದಪ್ಪ ಕಾಗದದ ಚೀಟಿಗಳನ್ನು ಕತ್ತರಿಸಿ ನಂಬರು ಬರೆದೆ. ದಾರ ಹಾಕಿ ಕಟ್ಟಿದವರು ಗಂಗವ್ವ.

ಗಂಗವ್ವ ವಿಜಾಪುರದ ಕಡೆಯವರು, ಮನೆ ನನ್ನ ಲೋಕಲಿನ ದಾರಿಯಲ್ಲೇ ಸಿಗುವ ದಿವಾದಲ್ಲಿ. ನಲವತ್ತೈದರ ಆಸುಪಾಸು. ಗಂಡ ತುರ್ಭೆಯಲ್ಲಿ ಮೂಟೆ ಹೊತ್ತು ಸೊಂಟ ಹಿಡಿಸಿಕೊಂಡು ಮನೆಯಲ್ಲಿದ್ದ. ಕೋಣೆಯ ಕಸ ಗುಡಿಸುವುದಕ್ಕೆಂದು ಸೇರಿದ ಆಕೆ ಈಗ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ನಕಲು ಮಾಡುತ್ತಿದ್ದರು. ಹಳೆಯದನ್ನು ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿದರೆ ಸಾಕು, ನಾಲ್ಕು ದಿನದಲ್ಲಿ ಅದರ ಜೋಡಿ ತಯಾರು. ನನ್ನ ವರ್ನಿಯರ್ ಅಳತೆಗೋಲಿಗೆ ಕೂದಲೆಳೆಯ ವ್ಯತ್ಯಾಸ ಸಿಗುತ್ತಿರಲಿಲ್ಲ. ಕೊನೆಗೆ ಚಹಾದ ನೀರಿನಲ್ಲಿ ನೆನೆಸಿ ಬಣ್ಣವನ್ನೂ ಹೊಂದಿಸುತ್ತಿದ್ದರು. ಕೆಲವಕ್ಕೆ ಕೊನೆಯ ನಯ ವಿದ್ಯಾರ್ಥಿಗಳು ಪಾಲಿಶ್ ಪೇಪರಿನಲ್ಲಿ ಕೊಡುತ್ತಿದ್ದರು. ನಕಲುಗಳೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿ, ಚೀಟಿಯಿಲ್ಲದೆ. ಅಸಲು ನಲವತ್ತೊಂದು ಹತ್ತಿ ಹಾಸಿದ ತಟ್ಟೆಗಳಲ್ಲಿ, ಚೀಟಿ ಸಮೇತ.

ಇಷ್ಟು ಒಳ್ಳೆಯ ನಕಲು ಮಾಡುವ ಕೈಯನ್ನು ಕಂಡರೆ ಟೂಲ್ ರೂಮಿನವನಿಗೆ ಏನನ್ನಿಸಬೇಕೋ ಅದೇ ನನಗೂ ಅನ್ನಿಸಿತು. ಸಂಜೆ ಹೊರಡುವಾಗ ಚೀಲ ತೆರೆದು ತೋರಿಸಬೇಕೆಂಬ ನಿಯಮ ತಂದೆ. ವಿದ್ಯಾರ್ಥಿಗಳಿಗೂ ಇತ್ತು, ಆದರೆ ಅವರ ಚೀಲದೊಳಗೆ ನಾನು ಅಷ್ಟು ಆಳವಾಗಿ ನೋಡುತ್ತಿರಲಿಲ್ಲ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

"ನೋಡ್ರಿ ರಾಯರ, ಛಲೋತ್ನ್ಯಾಗ ನೋಡ್ರಿ," ಎಂದು ಗಂಗವ್ವ ಡಬ್ಬಿಯ ಮುಚ್ಚಳವನ್ನೂ ತೆಗೆಯುತ್ತಿದ್ದರು. "ಎರಡು ರೊಟ್ಟಿ ಉಳದಾವ. ಮನುಷ್ಯಾರ ಮಾಡಿದ್ದು ಐತಿ ಮತ್ತ, ಕತ್ತೆಕಿರುಬ ಮಾಡಿದ್ದಲ್ಲ."

ಹಳೆಯದು ಹೊಸದು ಗುರುತಿಸಲು ಆಕೆಗೆ ಮೇಡಂ ಒಂದು ಉಪಾಯ ಕಲಿಸಿದ್ದರು. ಮಣ್ಣಿನಲ್ಲಿ ಸಾವಿರಾರು ವರ್ಷ ಇದ್ದ ಮೂಳೆಯ ಒಳಗಿನ ಪಸೆ ಹೋಗಿ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ತುಟಿಗೆ ತಾಗಿಸಿದರೆ ಹಿಡಿದು ಎಳೆದಂತೆ ಅಂಟುತ್ತದೆ. ಗುಹೆಯ ಸುಣ್ಣ ಹಿಡಿದು ತೂಕವೂ ಹೆಚ್ಚಿರುತ್ತದೆ. ಹೊಸದು ಅಂಟುವುದಿಲ್ಲ, ಹಗುರ. ಗಂಗವ್ವ ಕಟ್ಟುವ ಮುಂಚೆ ಒಂದೊಂದನ್ನೂ ತುಟಿಗೆ ತಾಗಿಸುವಾಗ ನಾನು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದೆ. ಹದಿನೇಳನೆಯದನ್ನು ಕಟ್ಟುವಾಗ ಆಕೆ ಕೈ ನಿಲ್ಲಿಸಿದರು. ಅದು ಬೆರಳುದ್ದದ ದಬ್ಬಣ. ಮೊನೆ ಮೊಂಡಾದಾಗಲೆಲ್ಲ ಯಾರೋ ಮತ್ತೆ ಮತ್ತೆ ಮಸೆದು ಇಟ್ಟುಕೊಂಡದ್ದೆಂದು ಮೇಡಂಗೆ ಅದರ ಮೇಲೆ ಹೆಚ್ಚು ಆಸೆ.

"ಇದಕ್ಕ ಹೆಬ್ಬಟ್ಟ ಇಡೂ ಜಾಗ ಐತ್ರಿ. ಕಣ್ಣಿಗೆ ಕಾಣಂಗಿಲ್ಲ. ಹಿಡದು ನೋಡ್ರಿ ರಾಯರ."

"ಬೇಡ. ಅಳತೆ ಬರೆದಾಗಿದೆ."

"ಅಳತಿಗೆ ಸಿಗಂಗಿಲ್ರಿ ಅದು," ಎಂದು ದಾರ ಬಿಗಿದರು.

ಜುಲೈಯಲ್ಲಿ ಎರಡು ಸಂಗತಿ ನಡೆದವು. ಊಟದ ಹೊತ್ತಿನಲ್ಲಿ ಗಂಗವ್ವ ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದರು. ಒಂದು ದಿನ ಆಕೆಯ ಕೈಯಲ್ಲಿ ಮೂಳೆಯ ದಬ್ಬಣ ಕಂಡಿತು. ದಪ್ಪ ಅಂಚಿಗೆ ಅದರಿಂದ ತೂತು ಮಾಡಿ ಸೂಜಿ ದಾಟಿಸುತ್ತಿದ್ದರು. ಯಾವುದು ಎಂದು ಕೇಳಿದೆ. ತಾನೇ ಮಾಡಿಕೊಂಡದ್ದು ಎಂದರು. ಕೂಡಲೇ ಒಳಗೆ ಹೋಗಿ ತಟ್ಟೆಗಳನ್ನು ಎಣಿಸಿದೆ. ನಲವತ್ತೊಂದು ಇತ್ತು. ಇನ್ನೊಂದು ದಿನ, ಹೊರಗೆ ಜೋರು ಮಳೆ, ಆಕೆ ಸುಮ್ಮನೆ ಕೇಳಿದರು: "ಇದ್ರಾಗ ಒಂದು ಕಳದ್ರ ಏನಾಗ್ತೈತ್ರಿ?" ಈ ಪ್ರಶ್ನೆಯನ್ನು ತಾರೀಖು ಹಾಕಿ ದಿನಚರಿಯಲ್ಲಿ ಬರೆದುಕೊಂಡೆ. ಹುಡುಗಪ್ರಾಯದಿಂದ ನಾನು ದಿನಚರಿ ಬರೆಯುತ್ತೇನೆ, ಎಷ್ಟು ಗಂಟೆಗೆ ಏನು ಮಾಡಿದೆ ಎಂಬಷ್ಟು.

ಶ್ರಾವಣದಲ್ಲಿ ಉಪಾಕರ್ಮ ಬಂತು. ಬೆಳಿಗ್ಗೆ ಜನಿವಾರ ಬದಲಿಸಿ ಬಂದವನು ಬಟ್ಟೆ ಹಾಕಿಕೊಳ್ಳುವುದನ್ನು ನೋಡಿ ವಾರಿಜ, "ಇವತ್ತೂ ಆ ಮೂಳೆಯ ಹತ್ತಿರ ಹೋಗ್ಲಿಕ್ಕುಂಟಾ?" ಎಂದಳು. ಇಕ್ಕಳ ಉಂಟಲ್ಲ ಎಂದೆ. ಗಂಗವ್ವ ಅಂದು ರಜೆ, ರಾಖಿ ಕಟ್ಟಿಸಿಕೊಳ್ಳಲು ಕಳವಾ ಎಂಬಲ್ಲಿಂದ ತಮ್ಮ ಬರುವವನಿದ್ದ. ಮೇಡಂ ಫೋನಿನಲ್ಲಿ ಒಂದು ಅಳತೆ ಕೇಳಿದರು. ಕೊಟ್ಟೆ. ಹಬ್ಬದ ದಿನವೂ ಹಾಜರಿದ್ದೆನೆಂಬ ಸಮಾಧಾನದಲ್ಲಿ ಮನೆಗೆ ಬಂದು ಮತ್ತೆ ಸ್ನಾನ ಮಾಡಿದೆ.

ಗಣಪತಿ ವಿಸರ್ಜನೆಯಾಗಿ ಮೂರನೇ ದಿನ ಮೇಡಂ ಹದಿನೇಳನೆಯದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ತಜ್ಞರಿಗೆ ತೋರಿಸಲು ಚಿತ್ರ ತೆಗೆಯಬೇಕಿತ್ತು. ತುಂಬ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಅದನ್ನು ತೆಗೆದು ತುಟಿಗೆ ತಾಗಿಸಿದರು.

"ರಾಯರ, ಇದು ನಮ್ಮ ಪಾಲಿಶ್ ಪೇಪರಿನ ಗೆರಿ. ಇದು ಆಡಿನ ಎಲುಬು."

ಹದಿನೇಳರ ಚೀಟಿ ಅದಕ್ಕೇ ಕಟ್ಟಿತ್ತು. ಅಸಲು ಹೋಗಿದೆ, ನಕಲು ಕೂತಿದೆ. ಇದಕ್ಕಾಗಿಯೇ ಕಾದಿದ್ದೆನೋ ಎಂಬಂತೆ ನಾನು ದಿನಚರಿ ತೆಗೆದೆ. ಕಳೆದರೆ ಏನಾಗುತ್ತದೆ ಎಂದು ಕೇಳಿದ್ದು, ಕೌದಿಯ ದಬ್ಬಣ, ದಾರ ಕಟ್ಟುವವರು ಯಾರು, ನಕಲು ಮಾಡುವವರು ಯಾರು. ಗಂಗವ್ವನ ಎದುರೇ ಓದಿದೆ. ಆಕೆ ಕೈ ಒರೆಸಿಕೊಳ್ಳುತ್ತ ನಿಂತು ಕೇಳಿದರು. ಮೇಡಂ, "ಏನರೆ ಹೇಳೋದದೇನವಾ?" ಎಂದರು. ಗಂಗವ್ವ ನನ್ನ ಕಡೆ ನೋಡಿ, "ಅವ್ರು ಬರದಾರಲ್ರಿ," ಎಂದಷ್ಟೇ ಹೇಳಿದರು.

ತಜ್ಞರು ಬಂದುಹೋಗುವವರೆಗೆ ಬರಬೇಡವೆಂದು ಮೇಡಂ ಆಕೆಗೆ ಹೇಳಿದರು. ಆಮೇಲೆ ಕೆಲಸ ಉಳಿಯುತ್ತದೆಯೇ ಇಲ್ಲವೇ ಎಂಬುದನ್ನು ಯಾರೂ ಹೇಳಲಿಲ್ಲ. ಎರಡೇ ದಿನದಲ್ಲಿ ಕಾಲೇಜಿನ ಕ್ಯಾಂಟೀನಿನವರೂ ಆಕೆಯನ್ನು ಚೋರ್ ಎನ್ನುತ್ತಿದ್ದರು. ಕೋಣೆಯೊಳಗಿನ ಮಾತು ಹೊರಗೆ ಹೋದದ್ದು ನನ್ನ ಬಾಯಿಂದಲೇ, ಸಂಜೆಯ ಚಹಾದ ಹೊತ್ತಿನಲ್ಲಿ.

ದಿವಾ ಸ್ಟೇಷನ್ನಿನಲ್ಲಿ ಗಂಗವ್ವ ದಿನಾ ನಿಲ್ಲುತ್ತಿದ್ದುದು ಗಾಡಿಯ ಹೊತ್ತು ತೋರಿಸುವ ಇಂಡಿಕೇಟರಿನ ಕೆಳಗೆ, ಕಂಬಕ್ಕೆ ಬೆನ್ನು ಕೊಟ್ಟು. ಗಾಡಿ ಅಲ್ಲಿ ನಿಂತಾಗ ಕಿಟಕಿಯಿಂದ ನೋಡುತ್ತಿದ್ದೆ. ಆ ಜಾಗದಲ್ಲಿ ಬೇರೆ ಯಾರೋ. ಕದ್ದವರು ಯಾಕೆ ಮುಖ ತೋರಿಸುತ್ತಾರೆ ಎಂದು ಮೊದಲ ದಿನ ಅಂದುಕೊಂಡೆ. ನಾಲ್ಕನೆಯ ದಿನವೂ ಯಾಕೆ ನೋಡಿದೆನೋ ಗೊತ್ತಿಲ್ಲ. ವಾರಿಜ ಒಂದೇ ಮಾತು ಕೇಳಿದಳು: "ಕದ್ದು ಅವಳು ಎಂತ ಮಾಡ್ತಾಳೆ? ಕೌದಿ ಹೊಲಿಯಲಿಕ್ಕೆ ಅವಳ ಹತ್ತಿರ ಒಂದು ಉಂಟಲ್ಲ?" ನಾನು ಅವಳ ಮೇಲೆ ರೇಗಿದೆ.

ತಜ್ಞರು ಬರಲು ಎರಡು ದಿನವಿದೆ ಎನ್ನುವಾಗ ಹೋಗುವ ಮಳೆ ತಿರುಗಿ ಬಂತು. ಹಳಿಯ ಮೇಲೆ ನೀರು, ಗಾಡಿಗಳು ತೆವಳುತ್ತಿದ್ದವು. ಮೇಡಂ ಬರಲಾಗುವುದಿಲ್ಲವೆಂದರು. ನಾನು ಎರಡೂವರೆ ಗಂಟೆ ನಿಂತು ಹೋಗಿ ತಲುಪಿದೆ. ಕರೆಂಟಿರಲಿಲ್ಲ. ಹದಿನೇಳು ಕಳೆದ ಬಗ್ಗೆ ತಾರೀಖಿನ ಪ್ರಕಾರ ವರದಿ ಬರೆದುಕೊಡಲು ಮೇಡಂ ಹೇಳಿದ್ದರು. ಕಿಟಕಿಯ ಹತ್ತಿರ ಕೂತು, ದಿನಚರಿಯಲ್ಲಿ ಹದಿನೇಳರ ಹೆಸರು ಬಂದ ಸಾಲುಗಳನ್ನೆಲ್ಲ ಒಂದೊಂದಾಗಿ ಚೊಕ್ಕ ಪ್ರತಿ ಮಾಡತೊಡಗಿದೆ. ಉಪಾಕರ್ಮದ ದಿನದ ಪುಟ ಬಂತು. ನನ್ನದೇ ಅಕ್ಷರ:

"ಹನ್ನೊಂದೂ ಇಪ್ಪತ್ತಕ್ಕೆ ಹಾಜರು. ಗಂಗವ್ವ ರಜೆ. ಅಳತೆಗೆ ಅಡ್ಡ ಬಂದದ್ದರಿಂದ ೧೭ರ ದಾರ ಕತ್ತರಿಸಿದೆ, ಚೀಟಿ ಮೇಜಿನ ಮೇಲೆ. ೧೭ ಮತ್ತು ನಕಲು ಎರಡನ್ನೂ ಅಳೆದೆ. ಮೇಡಂ ಫೋನ್. ೧೭ ತಟ್ಟೆಗೆ, ನಕಲು ಪೆಟ್ಟಿಗೆಗೆ. ಇಕ್ಕಳ ತೊಳೆದೆ."

ಪೆನ್ನು ನಿಂತಿತು. ಒಂದೇ ಉದ್ದ, ಒಂದೇ ಬಣ್ಣದ ಎರಡು ಮೂಳೆ ಮೇಜಿನ ಮೇಲಿದ್ದವು. ಚೀಟಿ ಎರಡಕ್ಕೂ ಕಟ್ಟಿರಲಿಲ್ಲ. ನಡುವೆ ಎದ್ದು ಹೋಗಿ ಫೋನಿನಲ್ಲಿ ಮಾತಾಡಿ ಬಂದಿದ್ದೆ. ತಟ್ಟೆಗೆ ಹೋದದ್ದು ಹದಿನೇಳೇ ಎಂದು ನನಗೆ ಹೇಗೆ ಗೊತ್ತು? ಮರುದಿನ ಗಂಗವ್ವ ದಾರ ಕತ್ತರಿಸಿದ್ದು ಯಾರು ಎಂದು ಕೇಳಿದ್ದು, ನಾನೇ ಎಂದದ್ದು, ತಟ್ಟೆಯಲ್ಲಿದ್ದುದಕ್ಕೆ ಆಕೆ ಚೀಟಿ ಕಟ್ಟಿದ್ದು ಎಲ್ಲ ನೆನಪಾಯಿತು. ಅದನ್ನು ನಾನು ಬರೆದುಕೊಂಡಿರಲಿಲ್ಲ.

ಮರದ ಪೆಟ್ಟಿಗೆ ತೆಗೆದೆ. ನಕಲುಗಳು ಮೂವತ್ತರ ಮೇಲಿದ್ದವು. ಒಳಗೆ ಅಸಲೊಂದು ಇರಬಹುದೆಂದು ಯಾರೂ ಅದರೊಳಗೆ ನೋಡಿರಲಿಲ್ಲ. ಸೂಕ್ಷ್ಮದರ್ಶಕ ನಡೆಯುವಂತಿಲ್ಲ. ಮೇಡಂ ಬರುವವರೆಗೆ ಕಾಯಬಹುದಿತ್ತು, ಆದರೆ ಕೂರಲಾಗಲಿಲ್ಲ. ಬಾಗಿಲು ಹಾಕಿದೆ. ಒಂದೊಂದನ್ನೇ ಇಕ್ಕಳದಲ್ಲಿ ಎತ್ತಿ ತುಟಿಗೆ ತಾಗಿಸಿದೆ. ಕೈಗೆ ಮೈಲಿಗೆ, ಬಾಯಿಗೆ ಇಲ್ಲ ಎಂದು ಯಾವ ಲೆಕ್ಕ ಹಾಕಿದ್ದೆನೋ, ಇಕ್ಕಳವನ್ನಂತೂ ಬಿಡಲಿಲ್ಲ. ಮೊದಲಿನ ಎರಡಾದ ಮೇಲೆ ಹೋಗಿ ಬಾಯಿ ತೊಳೆದು ಬಂದೆ. ಆಮೇಲೆ ಚಹಾದ ಒಗರು ಮಾತ್ರ. ಹತ್ತೊಂಬತ್ತನೆಯದು ತುಟಿಯನ್ನು ಹಿಡಿಯಿತು. ಇಕ್ಕಳ ಎಳೆದರೆ ತುಟಿಯೂ ಸ್ವಲ್ಪ ಹಿಂದೆ ಬಂತು.

ಮೇಡಂಗೆ ಫೋನು ಮಾಡಿ ಎಲ್ಲ ಹೇಳಿದೆ. "ಸಿಕ್ಕಿದ್ದು ಛಲೋ ಆತು," ಎಂದರು. "ಆದ್ರ ಅಕಿಗೆ ನಾ ಹೇಳಂಗಿಲ್ಲ. ನೀವ ಹೋಗ್ರಿ."

ದಿವಾದಲ್ಲಿ ಮೊಣಕಾಲಿನವರೆಗೆ ನೀರಿತ್ತು. ಪ್ಯಾಂಟು ಮಡಚಿ, ಕೇಳುತ್ತ ಕೇಳುತ್ತ ಹೋದೆ. ಗಂಗವ್ವ ಮೊದಲ ಮಹಡಿಯ ಒಂದು ಖೋಲಿಯಲ್ಲಿ ಬಾಗಿಲಿಗೆ ಹತ್ತಿರ ಕೂತು ಕೌದಿ ಹೊಲಿಯುತ್ತಿದ್ದರು. ಒಳಗೆ ಮಲಗಿದ್ದ ಗಂಡ ಎದ್ದು ಕೂರಲು ನೋಡಿದ. ಆಕೆ ಕೈಸನ್ನೆ ಮಾಡಿ ಮಲಗಿಸಿದರು.

"ಒಳಗ ಬರ್ರಿ ಅನ್ಲಿಕ್ಕೆ ಅಂಜಿಕಿ ರಾಯರ. ನಿನ್ನಿ ಮೀನ ಮಾಡಿದ್ವಿ."

ನಾನು ಹೊಸ್ತಿಲಲ್ಲೇ ನಿಂತು ಹೇಳಿದೆ. ದಾರ ಕತ್ತರಿಸಿದ್ದು, ಫೋನು, ಪೆಟ್ಟಿಗೆ. ತಪ್ಪು ನನ್ನದು ಎಂದೆ. ಈ ಮಾತನ್ನು ಅದಕ್ಕೆ ಮುಂಚೆ ಯಾವಾಗ ಆಡಿದ್ದೆನೋ ನೆನಪಿಲ್ಲ.

"ತುಟಿಗೆ ಹಚ್ಚಿ ನೋಡಿದ್ರ್ಯಾ?"

"ಹೌದು."

"ನೀವು?"

"ಹೌದು, ನಾನೇ."

ಆಕೆ ನಗಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ಅವತ್ತು ದಾರ ಕಟ್ಟೂಮುಂದ ನನ್ನ ಕೈಗೆ ಹಗರ ಅನಿಸಿತ್ರಿ. ತುಟಿಗೆ ಹಚ್ಚಬೇಕಂತ ಎತ್ತಿದ್ದೆ. ಮತ್ತ, ಇದು ನೀವ ಇಟ್ಟಿದ್ದು, ನೀವು ತಪ್ಪಂಗಿಲ್ಲ ಅಂತ ಹಂಗ ಕಟ್ಟಿದೆ."

ಹೊರಗೆ ಮಳೆ ಸುರಿಯುತ್ತಿತ್ತು. ಇದನ್ನು ಆ ದಿನವೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ನಂಬ್ತಿದ್ರೇನ್ರಿ?"

ಮೂವತ್ತನಾಲ್ಕು ವರ್ಷ ನಾನು ಯಾರನ್ನೂ ನಂಬದೆ ಕೆಲಸ ಮಾಡಿದವನು. ನನ್ನನ್ನು ನಂಬಿ ಒಬ್ಬರು ಕೆಲಸ ಮಾಡಿದ್ದರು, ಮತ್ತು ಅದೇ ಅವರಿಗೆ ಮುಳುವಾಗಿತ್ತು.

"ನಾಳೆ ಬನ್ನಿ. ಎಲ್ಲರ ಎದುರು ಹೇಳ್ತೇನೆ. ಕ್ಯಾಂಟೀನಿನವರಿಗೂ."

"ಹೇಳ್ರಿ. ಹೇಳೂದು ಬ್ಯಾರೆ," ಎಂದರು ಗಂಗವ್ವ. "ನಾ ಬರಬೇಕಂದ್ರ ಚೀಟಿ ಗೀಟಿ ಬ್ಯಾಡ. ಮೇಡಂ ಮೊದಲ ದಿನ ಏನ್ ಹೇಳಿದ್ರು, ಹಂಗ ಎಲುಬಿನ ಮ್ಯಾಲ ನಂಬರ ಬರೀಬೇಕು. ನೀವ ಬರೀಬೇಕು. ಕೈಯಾಗ ಹಿಡದು. ನಾ ಮುಂದ ಕುರ್ಚಿ ಹಾಕ್ಕೊಂಡು ಕುಂದರತೀನಿ."

ಮರುದಿನ ಎಂಟೂವರೆಯ ಸುಮಾರಿಗೆ ದಿವಾದ ಇಂಡಿಕೇಟರಿನ ಕೆಳಗೆ ಆಕೆ ನಿಂತಿದ್ದರು. ಗಾಡಿ ಏರುವಾಗ ನನ್ನ ಕಿಟಕಿಯ ಕಡೆ ನೋಡಲಿಲ್ಲ. ಮೊದಲು ಕ್ಯಾಂಟೀನಿಗೆ ಹೋದೆ. ಬೆಳಗಿನ ತಿಂಡಿಯ ಹೊತ್ತು, ಜನ ಇದ್ದರು. ಹಿಂದಿಯಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಹೇಳಿದೆ. ಗಂಗವ್ವ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದರು. ಆಮೇಲೆ ಕೋಣೆಗೆ ಹೋಗಿ ಮೇಜಿನ ಎದುರು ಕುರ್ಚಿ ಎಳೆದು ಕೂತರು. ನಾನು ಇಕ್ಕಳವನ್ನು ಡ್ರಾಯರಿನಲ್ಲಿ ಹಾಕಿದೆ.

ಒಂದನೇ ನಂಬರಿನದನ್ನು ಎಡಗೈಯಲ್ಲಿ ಹಿಡಿದು ಬರೆದೆ. ಒಂದರ ಅಂಕೆ ಸೊಟ್ಟಗಾಯಿತು. "ಅಳಸಿ ಬರೀರಿ," ಎಂದರು ಗಂಗವ್ವ. ಅಳಿಸಿ ಬರೆದೆ. ಒಂದೊಂದನ್ನೂ ಬರೆದ ಮೇಲೆ ಆಕೆ ಕೈಚಾಚಿ ತೆಗೆದುಕೊಂಡು, ಬೆಳಕಿಗೆ ತಿರುಗಿಸಿ, ತುಟಿಗೆ ತಾಗಿಸಿ ತಟ್ಟೆಯಲ್ಲಿ ಇಡುತ್ತಿದ್ದರು. ನನ್ನ ಕೈಯಿಂದ ಬಂದದ್ದನ್ನು ಪರೀಕ್ಷಿಸದೆ ಒಂದನ್ನೂ ಇಡಲಿಲ್ಲ. ನನಗೆ ಅದು ಸರಿಯೆನಿಸಿತು. ಮೇಡಂ ಮಧ್ಯೆ ಒಮ್ಮೆ ಬಂದು ಬಾಗಿಲಲ್ಲಿ ನಿಂತು ನೋಡಿ ಹೋದರು.

ಅದರ ಮರುದಿನ ತಜ್ಞರು ಬಂದರು. ಕೆಲವನ್ನು ಒಪ್ಪಿದರು, ಕೆಲವು ಕತ್ತೆಕಿರುಬದ ಹಲ್ಲಿನವೇ ಇರಬಹುದೆಂದು ಬದಿಗಿಟ್ಟರು. ಹದಿನೇಳನೆಯದನ್ನು ಒಪ್ಪಿದರು. ಅವರು ಕಾರಣಗಳನ್ನು ಬರೆದುಕೊಟ್ಟಿದ್ದಾರೆ, ನಾನೇ ಅದನ್ನು ಫೈಲಿಗೆ ಸೇರಿಸಿದೆ. ಆದರೆ ಅವರು ಬರುವ ಮೊದಲೇ, ನಂಬರು ಬರೆಯುತ್ತಿದ್ದ ಆ ಬೆಳಿಗ್ಗೆ, ನನ್ನ ಸಂಶಯ ತೀರಿತ್ತು.

ಹದಿನಾರು ಮುಗಿಸಿ ಅದನ್ನು ಎತ್ತಿಕೊಂಡಾಗ ಕಲ್ಲಿನಂತೆ ತಣ್ಣಗಿತ್ತು, ನೋಡಿದ್ದಕ್ಕಿಂತ ಭಾರವಿತ್ತು. ನಂಬರಿಗೆ ಜಾಗ ಹುಡುಕುತ್ತ ತಿರುಗಿಸಿದೆ. ಮೊನೆ ಮುಂದಾಗಿ ಬಂದಾಗ ನನ್ನ ಹೆಬ್ಬೆರಳು ತಾನಾಗಿ ಒಂದು ಕಡೆ ಜಾರಿ ಕೂತಿತು. ಕಣ್ಣಿಗೆ ಅಲ್ಲಿ ಏನೂ ಇರಲಿಲ್ಲ. ಬೆರಳಿಗೆ ಮಾತ್ರ, ಯಾರೋ ಬಹಳ ವರ್ಷ ಒತ್ತಿ ಒತ್ತಿ ಸವೆಸಿದ ಸಣ್ಣ ಗುಳಿ, ಬೆರಳಿನಷ್ಟೇ ಅಗಲ.

ನಾನು ಬರೆಯದೆ ಹಾಗೇ ಹಿಡಿದುಕೊಂಡು ಕೂತಿದ್ದನ್ನು ಗಂಗವ್ವ ನೋಡಿದರು.

"ಸಿಕ್ತೇನ್ರಿ?"

"ಸಿಕ್ಕಿತು," ಎಂದೆ.

"ಹೂಂ. ಬರೀರಿ ಮತ್ತ," ಎಂದು ಆಕೆ ಕೈಚಾಚಿದರು.